ಸರೋವರದ ಸಿನಿಮಾ, ಸೆರೆಯಾಳುಗಳ ಜನರಲ್

ಕಾಶಿಯ ಚಳಿಯನ್ನು ನಮ್ಮ ಕಡೆಯವರು ಬಂದು ನೋಡುವತನಕ ನಂಬುವುದಿಲ್ಲ. ಗಂಗೆಯ ದಡ, ವಿಶ್ವನಾಥನ ಸನ್ನಿಧಿ, ಅಲ್ಲೆಂಥ ಚಳಿ ಎಂದು ತೆಳುವಾದ ಶಾಲೊಂದನ್ನು ಹೊದ್ದು ಪುಷ್ಯಮಾಸದಲ್ಲಿ ಬಂದಿಳಿದು, ಜಂಗಮವಾಡಿಯ ಗಲ್ಲಿಯಲ್ಲಿ ಹಲ್ಲು ಕಟಕಟಿಸುತ್ತ ನಿಲ್ಲುವ ಯಾತ್ರಿಕರನ್ನು ನಾನು ವರ್ಗವಾಗಿ ಇಲ್ಲಿಗೆ ಬಂದಾಗಿನಿಂದ ಪ್ರತಿವರ್ಷ ನೋಡುತ್ತಿದ್ದೇನೆ. ಗೋದೌಲಿಯಾ ಚೌಕದಿಂದ ಮದನಪುರದ ನೇಕಾರರ ಕೇರಿಯತ್ತ ಹೋಗುವ ಹಾದಿಯಲ್ಲಿ ಈ ಜಂಗಮವಾಡಿ. ಮಠದ ಹೆಸರೇ ಬೀದಿಗೂ ಬಂದಿದೆ. ಮೊಗಲ ಬಾದಶಹರ ಫರ್ಮಾನುಗಳನ್ನು ಕಾಪಿಟ್ಟುಕೊಂಡಿರುವ ಮಠ ಅದು. ಬೆಳಗಾವಿ, ವಿಜಯಪುರ, ಕಲಬುರಗಿಗಳ ಕನ್ನಡ ಅಲ್ಲಿ ಹಗಲೆಲ್ಲ ಕೇಳಿಸುತ್ತದೆ. ಲಿಂಗೈಕ್ಯರಾದ ಹಿರಿಯರ ಹೆಸರಿನಲ್ಲಿ ಒಂದು ಶಿವಲಿಂಗವನ್ನು ಮಠದಲ್ಲಿ ಸ್ಥಾಪಿಸಿ ಹೋಗುವುದು ಶತಮಾನಗಳಿಂದ ನಡೆದುಬಂದ ಪದ್ಧತಿ. ಹಾಗೆ ಕೂಡಿದ ಲಿಂಗಗಳನ್ನು ಎಣಿಸಹೊರಟರೆ ಲಕ್ಷಗಳ ಲೆಕ್ಕವಾಗುತ್ತದೆ.

ಕಳೆದ ಚಳಿಗಾಲದಲ್ಲಿ ಹೀಗೆಯೇ ತಂದೆಯ ಹೆಸರಿನಲ್ಲಿ ಲಿಂಗಸ್ಥಾಪನೆಗೆಂದು ಕೊಡಗಿನ ಶನಿವಾರಸಂತೆಯ ಕಡೆಯಿಂದ ಎಪ್ಪತ್ತು ದಾಟಿದ ಹಿರಿಯರೊಬ್ಬರು ಬಂದಿದ್ದರು. ಗಲ್ಲಿಯ ಚಹಾದಂಗಡಿಯಲ್ಲಿ ಪರಿಚಯವಾಯಿತು. ಕಾಫಿಗೆ ಹಾತೊರೆಯುತ್ತಿದ್ದ ಅವರ ಮುಖ ನೋಡಿ ಮನೆಗೆ ಕರೆತಂದೆ. ನಮ್ಮ ಹುಡುಗ ಕಂಪ್ಯೂಟರಿನ ಮುಂದೆ ಕಂಬಳಿ ಹೊದ್ದು ಕುಳಿತು ಒಂದು ಚೀನೀ ಸಿನಿಮಾ ನೋಡುತ್ತಿದ್ದ. ತೆರೆಯ ತುಂಬ ಹಿಮ, ಬಿಳಿಯ ಬಟ್ಟೆ ಹೊದ್ದ ಸೈನಿಕರು, ಸಿಡಿಗುಂಡುಗಳ ಆರ್ಭಟ. ಹಿರಿಯರು ಲೋಟ ಕೈಯಲ್ಲಿ ಹಿಡಿದೇ ಸ್ವಲ್ಪ ಹೊತ್ತು ನೋಡಿದರು. "ಯಾವ ಯುದ್ಧ ಮರಿ ಇದು?" ಎಂದರು. "ಕೊರಿಯಾ ಯುದ್ಧ ತಾತ, ಇವರು ಚೀನಾದವರು" ಎಂದ ಹುಡುಗ. ಅವರು ಬಹಳ ಸಹಜವಾಗಿ, ಪಕ್ಕದ ತೋಟದ ವಿಚಾರ ಹೇಳುವಂತೆ, "ಹಾಗಾದ್ರೆ ಇವರನ್ನ ನಮ್ಮಪ್ಪ ಕಾಯ್ದಿದ್ರು ಕಣಪ್ಪ. ತಿಮ್ಮಯ್ಯನವರ ಕೈಕೆಳಗೆ" ಎಂದರು.

ಆ ಒಂದು ಮಾತಿನಿಂದ ಈ ಲೇಖನ ಹುಟ್ಟಿತು.

ಮೊದಲು ಆ ಸಿನಿಮಾದ ವಿಚಾರ. ಅದರ ಹೆಸರು 'ಚಾಂಗ್‌ಜಿನ್ ಸರೋವರದ ಕಾಳಗ'. 2021ರ ಸೆಪ್ಟೆಂಬರ್ 30ರಂದು, ಅಂದರೆ ಚೀನಾದ ರಾಷ್ಟ್ರೀಯ ದಿನದ ಮುನ್ನಾದಿನ, ಬಿಡುಗಡೆಯಾಯಿತು. ಒಬ್ಬರಲ್ಲ, ಮೂವರು ನಿರ್ದೇಶಕರು: ಚೆನ್ ಕೈಗೆ, ತ್ಸುಯ್ ಹಾರ್ಕ್, ಡಾಂಟೆ ಲಾಮ್. ಸುಮಾರು ಮೂರು ಗಂಟೆಯ ಚಿತ್ರ. ತಗುಲಿದ ವೆಚ್ಚ ಇಪ್ಪತ್ತು ಕೋಟಿ ಡಾಲರಿನಷ್ಟು ಎಂದು ಪತ್ರಿಕೆಗಳು ಬರೆದವು. ಗಳಿಸಿದ್ದು 577 ಕೋಟಿ ಯುವಾನ್. ಆಗಿನ ದರದಲ್ಲಿ ನಮ್ಮ ಆರೂವರೆ ಸಾವಿರ ಕೋಟಿ ರೂಪಾಯಿಗೆ ಮಿಕ್ಕಿದ ಹಣ. ಅದಕ್ಕೆ ಮೊದಲು ಚೀನಾದಲ್ಲಿ ಗಳಿಕೆಯ ದಾಖಲೆ ಇದ್ದುದು 2017ರ 'ತೋಳ ಯೋಧ'ದ ಎರಡನೆಯ ಭಾಗಕ್ಕೆ, 568 ಕೋಟಿ ಯುವಾನ್. ಅದೂ ಸೈನ್ಯದ ಸಾಹಸದ ಚಿತ್ರವೇ. ಎರಡರಲ್ಲೂ ನಾಯಕ ವೂ ಜಿಂಗ್ ಎಂಬಾತನೇ. ಮುಂದೆ 2025ರಲ್ಲಿ 'ನೇಜಾ' ಎಂಬ ಪುರಾಣದ ಹುಡುಗನ ವ್ಯಂಗ್ಯಚಿತ್ರವೊಂದು ಈ ಎಲ್ಲ ದಾಖಲೆಗಳನ್ನೂ ಎರಡು ಪಟ್ಟು ಮೀರಿ ಹಾರಿತು. ಅದಿರಲಿ. ಸರೋವರದ ಸಿನಿಮಾಕ್ಕೆ ಮಾರಾಟವಾದ ಟಿಕೆಟ್ಟುಗಳು ಹನ್ನೆರಡು ಕೋಟಿಗೂ ಮಿಕ್ಕಿ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ಆರು ಕೋಟಿ ಹನ್ನೊಂದು ಲಕ್ಷ. ನಮ್ಮ ಮನೆಯ ಹಸುಗೂಸಿನಿಂದ ಹಿಡಿದು ಮುಪ್ಪಿನ ಮುದುಕರವರೆಗೆ ಎಲ್ಲರೂ ಎರಡೆರಡು ಸಲ ನೋಡಿದರೆ ಎಷ್ಟಾಗುವುದೋ ಅಷ್ಟು ಎಂದು ಲೆಕ್ಕ ಹಾಕಿಕೊಳ್ಳಬಹುದು.

ಇಷ್ಟು ಹಣ ಬರೀ ಕಲೆಯ ಬಲದಿಂದ ಬರುವುದಿಲ್ಲ. ಅದು ಚೀನಾದ ಕಮ್ಯುನಿಸ್ಟ್ ಪಕ್ಷ ಹುಟ್ಟಿ ನೂರು ತುಂಬಿದ ವರ್ಷ. ರಾಷ್ಟ್ರೀಯ ದಿನದ ರಜೆಯ ವಾರದಲ್ಲಿ ಪರದೇಶದ ಚಿತ್ರಗಳಿಗೆ ಅಲ್ಲಿ ಜಾಗವಿರುವುದಿಲ್ಲ. ಕಚೇರಿಗಳು, ಪಕ್ಷದ ಶಾಖೆಗಳು ತಮ್ಮವರನ್ನು ಗುಂಪುಗುಂಪಾಗಿ ಚಿತ್ರಮಂದಿರಕ್ಕೆ ಕರೆದೊಯ್ದವು. ಚಿತ್ರದ ತಯಾರಿಕೆಯ ಮೇಲೆ ಪಕ್ಷದ ಪ್ರಚಾರ ಇಲಾಖೆಯ ಕಣ್ಣಿತ್ತು. ಹಿಮದಲ್ಲಿ ಸತ್ತ ಸೈನಿಕರನ್ನು ಕುರಿತು ಕುಹಕವಾಗಿ ಬರೆದ ಲುವೋ ಚಾಂಗ್‌ಪಿಂಗ್ ಎಂಬ ಮಾಜಿ ಪತ್ರಕರ್ತನಿಗೆ 2022ರಲ್ಲಿ ಏಳು ತಿಂಗಳ ಸೆರೆವಾಸವೂ ಆಯಿತು. ಇಷ್ಟೆಲ್ಲ ನಿಜವಾದರೂ, ಹನ್ನೆರಡು ಕೋಟಿ ಟಿಕೆಟ್ಟುಗಳನ್ನೂ ಸರಕಾರವೇ ಕತ್ತು ಹಿಡಿದು ಕೊಳ್ಳಿಸಿತು ಎನ್ನುವುದು ಸುಲಭದ ಮಾತಾದೀತು. ಸರಕಾರದ ಬೆಂಬಲವಿದ್ದೂ ನೆಲಕಚ್ಚಿದ ಚಿತ್ರಗಳು ಅಲ್ಲಿ ಬೇಕಾದಷ್ಟಿವೆ. ನಮ್ಮ ಕಾಶಿಗೂ ಸಾರನಾಥಕ್ಕೂ ಬಂದು, ನಮ್ಮ ಇಮ್ಮಡಿ ಪುಲಿಕೇಶಿಯ ರಾಜ್ಯವನ್ನೂ ಕಂಡು ಬರೆದ ಹ್ಯೂಯೆನ್‌ತ್ಸಾಂಗನ ಮೇಲೆ 2016ರಲ್ಲಿ ಅವರೇ ತೆಗೆದ ಸಿನಿಮಾಕ್ಕೆ ಸರಕಾರದ ಆಶೀರ್ವಾದಕ್ಕೆ ಕೊರತೆಯಿರಲಿಲ್ಲ. ಜನ ಮಾತ್ರ ಬರಲಿಲ್ಲ. ಜ್ಞಾನ ಹುಡುಕಿಕೊಂಡು ನಡೆದವನಿಗಿಂತ ಕೋವಿ ಹಿಡಿದು ಓಡಿದವನನ್ನು ನೋಡಲು ಜನ ದುಡ್ಡು ಕೊಡುತ್ತಾರೆ. ಈ ಮಾತಿನಲ್ಲಿ ಅವರೂ ನಾವೂ ಬೇರೆಯಲ್ಲ.

ಈ ಸರೋವರದ ಹೆಸರಿನ ಬಗ್ಗೆ ಒಂದು ಮಾತು. ಅದಿರುವುದು ಉತ್ತರ ಕೊರಿಯಾದಲ್ಲಿ. ಕೊರಿಯನ್ನರ ಬಾಯಲ್ಲಿ ಅದು ಜಾಂಗ್‌ಜಿನ್, ಚೀನೀಯರಿಗೆ ಚಾಂಗ್‌ಜಿನ್. ಅಮೆರಿಕದವರು ಜಪಾನೀಯರು ಬರೆದ ಹಳೆಯ ನಕ್ಷೆ ಹಿಡಿದು ಬಂದವರಾದ್ದರಿಂದ ಜಪಾನೀ ಉಚ್ಚಾರದ 'ಚೋಸಿನ್' ಎಂಬುದೇ ಅವರಿಗೆ ಖಾಯಂ ಆಯಿತು. ನಮ್ಮ ಹುಡುಗ 'ಜಂಗಮವಾಡಿಯಿಂದ ಜಾಂಗ್‌ಜಿನ್‌ಗೆ' ಎಂದು ಪ್ರಾಸ ಕಟ್ಟಿ ನಕ್ಕ.

1950ರ ಜೂನ್ 25ರಂದು ಉತ್ತರ ಕೊರಿಯಾದ ಸೈನ್ಯ ದಕ್ಷಿಣದ ಮೇಲೆ ನುಗ್ಗಿದಾಗ ಈ ಯುದ್ಧ ಆರಂಭವಾಯಿತು. ವಿಶ್ವಸಂಸ್ಥೆಯ ಹೆಸರಿನಲ್ಲಿ ಅಮೆರಿಕದ ಸೈನ್ಯ ಬಂದಿತು; ಸೆಪ್ಟೆಂಬರಿನಲ್ಲಿ ಮೆಕಾರ್ಥರ್ ಇಂಚೋನ್ ಬಂದರಿನಲ್ಲಿ ಇಳಿದು ಯುದ್ಧದ ದಿಕ್ಕನ್ನೇ ತಿರುಗಿಸಿದ. ಮುಂದೆ 38ನೆಯ ಅಕ್ಷಾಂಶವನ್ನು ದಾಟಬೇಕೇ ಬೇಡವೇ ಎಂಬ ಪ್ರಶ್ನೆ ಬಂದ ಹೊತ್ತಿಗೆ ಭಾರತದ ಹೆಸರು ಮೊದಲ ಸಲ ಈ ಕಥೆಯಲ್ಲಿ ಬರುತ್ತದೆ. ಅಕ್ಟೋಬರ್ 2ರ ನಡುರಾತ್ರಿ ಪೀಕಿಂಗಿನಲ್ಲಿ ನಮ್ಮ ರಾಯಭಾರಿಯಾಗಿದ್ದ ಸರ್ದಾರ್ ಕೆ. ಎಂ. ಪಣಿಕ್ಕರರನ್ನು ಚೌ ಎನ್‌ಲಾಯ್ ಕರೆಸಿಕೊಂಡು, ಅಮೆರಿಕದ ಸೈನ್ಯ ಗೆರೆ ದಾಟಿದರೆ ಚೀನಾ ಸುಮ್ಮನಿರುವುದಿಲ್ಲ ಎಂದು ತಿಳಿಸಿದ. ದೆಹಲಿ ಆ ಸುದ್ದಿಯನ್ನು ಮುಟ್ಟಿಸಿತು. ವಾಷಿಂಗ್‌ಟನ್ನಿನವರು ಪಣಿಕ್ಕರರ ಮಾತಿಗೆ ಬೆಲೆ ಕೊಡಲಿಲ್ಲ. ಹದಿನೇಳು ದಿನಗಳಲ್ಲಿ ಚೀನಾದ 'ಸ್ವಯಂಸೇವಕ'ರು ಯಾಲು ನದಿಯನ್ನು ದಾಟತೊಡಗಿದರು.

ಸರೋವರದ ಕಾಳಗ ನಡೆದದ್ದು ನವೆಂಬರ್ 27ರಿಂದ ಡಿಸೆಂಬರ್ 13ರವರೆಗೆ. ಒಂದು ಕಡೆ ಅಮೆರಿಕದ ಒಂದನೆಯ ಮರೀನ್ ಡಿವಿಷನ್ನೂ ಜೊತೆಯ ದಳಗಳೂ ಸೇರಿ ಸುಮಾರು ಮೂವತ್ತು ಸಾವಿರ. ಇನ್ನೊಂದು ಕಡೆ ಸಾಂಗ್ ಶಿಲುನ್ ಎಂಬ ಸೇನಾನಿಯ ಒಂಬತ್ತನೆಯ ಸೇನಾಸಮೂಹ, ಲಕ್ಷಕ್ಕೂ ಮೇಲಿನ ಸಂಖ್ಯೆ. ಈ ಸೈನ್ಯ ತೈವಾನಿನ ಮೇಲೆ ದಾಳಿಗೆಂದು ಬೆಚ್ಚನೆಯ ಪೂರ್ವ ಚೀನಾದಲ್ಲಿ ತಯಾರಾಗುತ್ತಿದ್ದುದು. ಇದ್ದಕ್ಕಿದ್ದಂತೆ ರೈಲಿಗೆ ಹತ್ತಿಸಿ ಉತ್ತರಕ್ಕೆ ಕಳಿಸಿದ್ದರಿಂದ ತೆಳುವಾದ ಹತ್ತಿಯ ಬಟ್ಟೆ, ಬಟ್ಟೆಯ ಜೋಡು ಇವುಗಳಲ್ಲೇ ಬೆಟ್ಟ ಹತ್ತಿದರು. ಚಳಿ ಸೊನ್ನೆಗಿಂತ ಮೂವತ್ತು, ಕೆಲವು ರಾತ್ರಿ ಮೂವತ್ತೇಳು ಡಿಗ್ರಿ ಕೆಳಗೆ. ವಿಜ್ಞಾನ ಓದಿದ ಚಟಕ್ಕೆ ಹೇಳುತ್ತೇನೆ: ಉಷ್ಣಮಾಪಕದ ಪಾದರಸವೇ ಗಟ್ಟಿಯಾಗುವುದು ಮೂವತ್ತೊಂಬತ್ತಕ್ಕೆ. ಕೋವಿಯ ಎಣ್ಣೆ ಅಂಟಾಗಿ ಕುದುರೆ ಕದಲುತ್ತಿರಲಿಲ್ಲ. ಗಾಯಾಳುಗಳಿಗೆ ಕೊಡಬೇಕಾದ ರಕ್ತದ್ರವದ ಸೀಸೆಗಳು ಕಲ್ಲಾಗಿದ್ದವು. ಮಾರ್ಫಿಯಾದ ಸಣ್ಣ ನಳಿಗೆಗಳನ್ನು ಅಮೆರಿಕದ ವೈದ್ಯದಳದವರು ಬಾಯೊಳಗೆ ಇಟ್ಟುಕೊಂಡು ಕರಗಿಸುತ್ತಿದ್ದರು. ಸಿನಿಮಾದಲ್ಲಿ ಚೀನೀ ಹುಡುಗರು ಕಲ್ಲಿನಂತೆ ಹೆಪ್ಪುಗಟ್ಟಿದ ಆಲೂಗಡ್ಡೆಯನ್ನು ಹಲ್ಲಿನಿಂದ ಕೆರೆದು ತಿನ್ನುವ ದೃಶ್ಯವಿದೆ. ಅದರ ಎದುರಿಗೇ ಅಮೆರಿಕದವರ ಹಬ್ಬದೂಟದ ತಟ್ಟೆ. ಪ್ರಚಾರವೆಂದರೆ ಪ್ರಚಾರವೇ, ಆದರೆ ಆಲೂಗಡ್ಡೆ ಸುಳ್ಳಲ್ಲ.

ಕಾಳಗದ ಫಲವೇನು? ಅಮೆರಿಕದವರು ಸುತ್ತುಗಟ್ಟಿದ್ದ ಬಲೆಯನ್ನು ಹರಿದುಕೊಂಡು ಹುಂಗ್‌ನಾಮ್ ಬಂದರಿಗೆ ಇಳಿದು, ಒಂದು ಲಕ್ಷಕ್ಕೂ ಹೆಚ್ಚು ಸೈನಿಕರನ್ನೂ ಹೆಚ್ಚುಕಡಿಮೆ ಅಷ್ಟೇ ಮಂದಿ ನಿರಾಶ್ರಿತರನ್ನೂ ಹಡಗಿನಲ್ಲಿ ಸಾಗಿಸಿದರು. ಆದ್ದರಿಂದ ಅವರೂ ಇದನ್ನು ವೀರಗಾಥೆಯೆಂದೇ ಹಾಡುತ್ತಾರೆ. ಉತ್ತರ ಕೊರಿಯಾದಿಂದ ಅವರನ್ನು ಅಟ್ಟಿದ್ದು ನಿಜವಾದ್ದರಿಂದ ಚೀನಾದವರಿಗೂ ಗೆಲುವು. ಅದರ ಬೆಲೆಯನ್ನು ಚೀನಾದ ಲೆಕ್ಕವೇ ಹೇಳುತ್ತದೆ: ಕಾದಾಟದಲ್ಲಿ ಬಿದ್ದವರು, ಗಾಯಗೊಂಡವರು ಸುಮಾರು ಹತ್ತೊಂಬತ್ತು ಸಾವಿರ, ಚಳಿಗೆ ಸಿಕ್ಕವರು ಸುಮಾರು ಇಪ್ಪತ್ತೊಂಬತ್ತು ಸಾವಿರ. ಇವರಲ್ಲಿ ನಾಲ್ಕು ಸಾವಿರದಷ್ಟು ಮಂದಿ ಕೂತಲ್ಲಿ ಕೂತ ಹಾಗೆ ಹೆಪ್ಪುಗಟ್ಟಿ ಸತ್ತವರು. ಕೋವಿಯನ್ನು ಗುರಿಯಿಟ್ಟ ಭಂಗಿಯಲ್ಲೇ ಹಿಮವಾದ ಒಂದು ಇಡೀ ತುಕಡಿಯನ್ನು ಸಿನಿಮಾದ ಕೊನೆಗೆ ತೋರಿಸುತ್ತಾರೆ. ಅದನ್ನು ನೋಡಿದ ಭಾರತೀಯನಿಗೆ ರೆಜಾಂಗ್ ಲಾ ನೆನಪಾಗದೆ ಇರದು. 1962ರ ನವೆಂಬರ್ 18ರಂದು ಲಡಾಖಿನಲ್ಲಿ ಮೇಜರ್ ಶೈತಾನ್ ಸಿಂಗರ ಕುಮಾಂವ್ ತುಕಡಿಯ ನೂರಕ್ಕೂ ಹೆಚ್ಚು ಯೋಧರು ಹಾಗೆಯೇ ಸತ್ತು, ಮುಂದಿನ ವರ್ಷ ಹಿಮ ಸರಿಸಿ ನೋಡಿದಾಗ ಕೈಯಲ್ಲಿ ಆಯುಧ ಹಿಡಿದೇ ಇದ್ದರು. ಎದುರಿಗಿದ್ದ ಸೈನ್ಯ ಇದೇ ಚೀನಾದ್ದು.

ಸಿನಿಮಾ ಇಲ್ಲಿಗೆ ನಿಲ್ಲುತ್ತದೆ. ಸತ್ತವನಿಗೆ ಸ್ಮಾರಕವಿದೆ, ಬದುಕಿ ಗೆದ್ದವನಿಗೆ ಪದಕವಿದೆ. ಸೆರೆ ಸಿಕ್ಕವನು? ಅವನ ಮೇಲೆ ಚಿತ್ರ ತೆಗೆದರೆ ರಜೆಯ ವಾರದಲ್ಲಿ ಯಾರು ಟಿಕೆಟ್ಟು ಕೊಂಡಾರು? ನಮ್ಮ ಮನೆಗೆ ಬಂದ ಹಿರಿಯರ ತಂದೆ ಕಾಯ್ದದ್ದು ಈ ಮೂರನೆಯ ಜಾತಿಯವರನ್ನು. ಅವರ ಮಾತಿನಲ್ಲಿ ಒಂದು ಸಣ್ಣ ತಿದ್ದುಪಡಿ ಬೇಕು. ಚೀನೀ ಸೆರೆಯಾಳುಗಳಲ್ಲಿ ಬಹುಪಾಲು ಸರೋವರದವರಲ್ಲ, 1951ರ ವಸಂತದಲ್ಲಿ ಚೀನಾದ ಮುನ್ನುಗ್ಗಾಟ ಮುರಿದುಬಿದ್ದಾಗ ಸಿಕ್ಕವರು. ಯುದ್ಧ ಮಾತ್ರ ಅದೇ.

ಸಂಧಾನ 1951ರ ಜುಲೈಯಲ್ಲೇ ಆರಂಭವಾಗಿತ್ತು. ಗಡಿಗೆರೆ ಎಲ್ಲಿ ಎಂಬುದನ್ನು ಹೇಗೋ ಗೊತ್ತುಮಾಡಿಕೊಂಡರು. ಸೆರೆಯಾಳುಗಳ ಪ್ರಶ್ನೆಯೊಂದರ ಮೇಲೆ ಮಾತುಕತೆ ಒಂದೂವರೆ ವರ್ಷ ತಡೆದು ನಿಂತಿತು, ಅಷ್ಟು ದಿನವೂ ಜನ ಸಾಯುತ್ತಲೇ ಇದ್ದರು. ಅಮೆರಿಕದ ಕೈಯಲ್ಲಿದ್ದ ಚೀನೀ ಸೆರೆಯಾಳುಗಳಲ್ಲಿ ಅನೇಕರು ಹಿಂದೆ ಚಿಯಾಂಗ್ ಕೈಷೇಕನ ಸೈನ್ಯದಲ್ಲಿದ್ದವರು. ಸೋತಾಗ ಮಾವೋ ಸೈನ್ಯಕ್ಕೆ ಸೇರಿಸಲ್ಪಟ್ಟವರು. ಅವರು ಊರಿಗೆ ಹೋಗಲಾರೆವು, ತೈವಾನಿಗೆ ಹೋಗುತ್ತೇವೆ ಎಂದರು, ಅಥವಾ ಹಾಗೆನ್ನಿಸಲಾಯಿತು. ಶಿಬಿರದೊಳಗೆ ಗುಂಪಿನ ನಾಯಕರ ಹೆದರಿಕೆ, ಹೊಡೆತ. ಹಿಂದಿರುಗುವ ದಾರಿಯೇ ಮುಚ್ಚಿಹೋಗಲೆಂದು ತೋಳಿನ ಮೇಲೆ ಕಮ್ಯುನಿಸ್ಟ್ ವಿರೋಧಿ ಹಚ್ಚೆ. ಒಬ್ಬನ ಮನಸ್ಸಿನೊಳಗೆ ನಿಜವಾಗಿ ಏನಿದೆ ಎಂದು ಕೇಳಿ ತಿಳಿಯಬಲ್ಲ ನಿಷ್ಪಕ್ಷಪಾತಿ ಯಾರು? 1952ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಒಪ್ಪಿದ ವಿ. ಕೆ. ಕೃಷ್ಣ ಮೆನನ್ನರ ಗೊತ್ತುವಳಿಯ ತಳಹದಿಯ ಮೇಲೆ ಕೊನೆಗೆ 1953ರ ಜೂನಿನಲ್ಲಿ ಒಪ್ಪಂದವಾಗಿ, ಜುಲೈ 27ರಂದು ಯುದ್ಧ ನಿಂತಿತು. ತಟಸ್ಥ ರಾಷ್ಟ್ರಗಳ ಆಯೋಗವೊಂದು ರಚನೆಯಾಯಿತು: ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆಗೆ ವಾಲಿದವು, ಪೋಲೆಂಡ್, ಚೆಕೋಸ್ಲೊವಾಕಿಯ ಇನ್ನೊಂದು ಕಡೆಗೆ. ನಡುವೆ ಅಧ್ಯಕ್ಷ ಸ್ಥಾನದಲ್ಲಿ ಭಾರತ. ಆ ಕುರ್ಚಿಯ ಮೇಲೆ ಕುಳಿತವರು ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

ತಿಮ್ಮಯ್ಯನವರನ್ನು ಕನ್ನಡಿಗರಿಗೆ ಪರಿಚಯಿಸಬೇಕಾದ್ದಿಲ್ಲ ಎಂದುಕೊಳ್ಳುತ್ತೇವೆ. ಬೆಂಗಳೂರಿನ ರಸ್ತೆಯ ಹೆಸರಿನಾಚೆಗೆ ನಮ್ಮ ಮಕ್ಕಳಿಗೆ ಏನು ಗೊತ್ತು? ಎರಡನೆಯ ಮಹಾಯುದ್ಧದಲ್ಲಿ ರಣರಂಗದಲ್ಲೇ ಪದಾತಿ ಬ್ರಿಗೇಡೊಂದನ್ನು ನಡೆಸಿದ ಭಾರತೀಯ ಅವರು. 1948ರ ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ, ತಾವೇ ಮುಂಚೂಣಿಯಲ್ಲಿ ಕುಳಿತು, ಲೇಹ್‌ಗೆ ದಾರಿ ಬಿಡಿಸಿದರು. ಅಷ್ಟು ಎತ್ತರಕ್ಕೆ ಟ್ಯಾಂಕು ಬರಬಹುದೆಂದು ಎದುರಾಳಿ ಕನಸಿನಲ್ಲೂ ಎಣಿಸಿರಲಿಲ್ಲ. ಸಿನಿಮಾಕ್ಕೆ ಇದಕ್ಕಿಂತ ಒಳ್ಳೆಯ ಸರಕು ಬೇಕೇ? ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅವರ ಸ್ವಂತ ಸೋದರರೊಬ್ಬರು ಸುಭಾಷರ ಆಜಾದ್ ಹಿಂದ್ ಫೌಜಿಗೆ ಸೇರಿದ್ದರು. ಸೆರೆ ಸಿಕ್ಕ ಸೈನಿಕ ಬಾವುಟ ಬದಲಿಸುವುದೆಂದರೇನು ಎಂಬುದು ಅವರಿಗೆ ಪುಸ್ತಕದ ವಿದ್ಯೆಯಾಗಿರಲಿಲ್ಲ.

ಕಾವಲಿಗೆ ಹೋದ ಭಾರತೀಯ ದಳ ಸುಮಾರು ಆರು ಸಾವಿರದ್ದು. ಅದರ ನಾಯಕ ಕೊಲ್ಲಾಪುರದ ಕಡೆಯ ಮೇಜರ್ ಜನರಲ್ ಎಸ್. ಪಿ. ಪಿ. ಥೋರಾತ್. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀಗೆ ಭಾರತವೆಂದರೆ ಎಷ್ಟು ಕೋಪವೆಂದರೆ ನಮ್ಮ ಸೈನಿಕರ ಕಾಲು ತನ್ನ ನೆಲಕ್ಕೆ ತಾಕಕೂಡದೆಂದ. ಆದ್ದರಿಂದ ಇಂಚೋನಿನಲ್ಲಿ ಹಡಗಿನಿಂದಲೇ ಹೆಲಿಕಾಪ್ಟರುಗಳಲ್ಲಿ ಎತ್ತಿ, ಅಷ್ಟೂ ಜನರನ್ನು ಯುದ್ಧರಹಿತ ವಲಯದ ಬಯಲಿನಲ್ಲಿ ಇಳಿಸಿದರು. ಅಲ್ಲಿ ಡೇರೆ ಹಾಕಿ ಕಟ್ಟಿಕೊಂಡ ಊರಿಗೆ 'ಹಿಂದ್ ನಗರ' ಎಂದು ಹೆಸರಿಟ್ಟರು. ಅವರ ಸುಪರ್ದಿಗೆ ಬಂದ ಸೆರೆಯಾಳುಗಳು ಅಮೆರಿಕದ ಕಡೆಯಿಂದ 22,604. ಇವರಲ್ಲಿ ಚೀನೀಯರು 14,704, ಉಳಿದವರು ಕೊರಿಯನ್ನರು. ಇನ್ನೊಂದು ಕಡೆಯಿಂದ 359 ಮಂದಿ, ಅವರಲ್ಲಿ 23 ಜನ ಅಮೆರಿಕನ್ನರೂ ಒಬ್ಬ ಇಂಗ್ಲಿಷಿನವನೂ ಸೇರಿದ್ದರು.

ಮೊದಲ ದಿನಗಳಲ್ಲೇ ಕಲ್ಲು, ಬೈಗುಳ, ಉಗುಳು. ಸೆಪ್ಟೆಂಬರ್ ಕೊನೆಯಲ್ಲಿ ಒಂದು ದಿನ ಚೀನೀ ಸೆರೆಯಾಳುಗಳು ಮೇಜರ್ ಗ್ರೆವಾಲ್ ಎಂಬ ಅಧಿಕಾರಿಯನ್ನು ಬೇಲಿಯೊಳಕ್ಕೆ ಎಳೆದುಕೊಂಡು ಹಿಡಿದಿಟ್ಟರು. ಥೋರಾತರು ಆಯುಧವಿಲ್ಲದೆ ಒಳಗೆ ನಡೆದರು. ಕೂಗುತ್ತಿದ್ದ ಗುಂಪಿನ ನಡುವೆ ನಿಂತು ಇದೇನು ಅತಿಥಿಸತ್ಕಾರವೆಂದು ಗದರಿ, ಸಿಗರೇಟಿನ ಮಾತು ತೆಗೆದು, ಕೊನೆಗೆ ಮೇಜರನನ್ನು ಬಿಡಿಸಿಕೊಂಡು ಬಂದರು. ಎಲ್ಲ ದಿನವೂ ಹೀಗೆ ಸಿಗರೇಟಿನಲ್ಲಿ ಮುಗಿಯಲಿಲ್ಲ. ಅಕ್ಟೋಬರ್ ಆರಂಭದಲ್ಲಿ ಬೇಲಿ ಮುರಿಯಲು ನುಗ್ಗಿದ ಗುಂಪಿನ ಮೇಲೆ ನಮ್ಮವರು ಗುಂಡು ಹಾರಿಸಬೇಕಾಗಿ ಬಂದು ಸಾವುಗಳೂ ಆದವು.

ವಿವರಣೆಯ ಡೇರೆಗಳ ವಿಚಾರ ವಿಚಿತ್ರವಾದದ್ದು. ಪ್ರತಿಯೊಬ್ಬ ಸೆರೆಯಾಳನ್ನೂ ಕರೆತಂದು ಕೂರಿಸಬೇಕು. ಅವನ ದೇಶದ ಪ್ರತಿನಿಧಿ, ಮಗನೇ, ಊರಿಗೆ ಬಾ, ತಾಯಿ ಕಾಯುತ್ತಿದ್ದಾಳೆ, ಶಿಕ್ಷೆ ಇಲ್ಲ ಎಂದು ವಿವರಿಸಬೇಕು. ಐದು ರಾಷ್ಟ್ರದವರು ಸಾಕ್ಷಿ. ಆಮೇಲೆ ಡೇರೆಗೆ ಎರಡು ಬಾಗಿಲು: ಒಂದರಿಂದ ಹೊರಟರೆ ಸ್ವದೇಶ, ಇನ್ನೊಂದರಿಂದ ಹೊರಟರೆ ಮತ್ತೆ ಶಿಬಿರ. ಬಂದವರು ಕಿವಿ ಮುಚ್ಚಿ ಕಿರಿಚಿದರು, ಕುರ್ಚಿ ಎತ್ತಿ ಪ್ರತಿನಿಧಿಯ ಮೇಲೆ ಎಸೆದರು. ಕೆಲವರನ್ನು ಭಾರತೀಯ ಜವಾನರು ಕೈಕಾಲು ಹಿಡಿದು ಕೂರಿಸಬೇಕಾಯಿತು. ಗೊತ್ತಾದ ತೊಂಬತ್ತು ದಿನಗಳಲ್ಲಿ ನಡೆದ ದಿನಗಳಿಗಿಂತ ನಿಂತ ದಿನಗಳೇ ಹೆಚ್ಚು. ಒಟ್ಟು ವಿವರಣೆ ಕೇಳಿದವರು ಮೂರು ಸಾವಿರದ ಆಸುಪಾಸು. ಡಿಸೆಂಬರ್ 23ಕ್ಕೆ ಗಡುವು ಮುಗಿಯಿತು. ಬಾಕಿ ಉಳಿದವರನ್ನು ಬಿಡುಗಡೆ ಮಾಡು ಎಂದು ಒಂದು ಕಡೆ, ಬಿಡಬೇಡ ಎಂದು ಇನ್ನೊಂದು ಕಡೆ. ಎರಡನ್ನೂ ಮಾಡಲು ತಮಗೆ ಅಧಿಕಾರವಿಲ್ಲವೆಂದು ಹೇಳಿ, ತಿಮ್ಮಯ್ಯನವರು 1954ರ ಜನವರಿ 20ರಂದು ಯಾರಿಂದ ಪಡೆದಿದ್ದರೋ ಅವರಿಗೇ ಸೆರೆಯಾಳುಗಳನ್ನು ಒಪ್ಪಿಸಿದರು. ಎರಡು ಕಡೆಯವರೂ ಬೈದರು. ಕಚೇರಿಯಲ್ಲಿ ಕಡತ ನೋಡುವ ನನ್ನಂಥವನಿಗೆ ಆ ನಿರ್ಧಾರದ ಕಷ್ಟ ಒಂದಿಷ್ಟು ಅರ್ಥವಾಗುತ್ತದೆ. ನಿಯಮ ಎಷ್ಟು ಹೇಳಿದೆಯೋ ಅಷ್ಟೇ ಮಾಡಿ, ಹೇಳದಿದ್ದನ್ನು ಮಾಡದೆ ನಿಲ್ಲುವವನಿಗೆ ಯಾರೂ ಹಾರ ಹಾಕುವುದಿಲ್ಲ.

ಚೀನೀಯರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ತೈವಾನಿಗೆ ಹೋದರು. ಭಾರತೀಯರ ಕಾವಲಿನಲ್ಲಿದ್ದಾಗ ಮನಸ್ಸು ಬದಲಿಸಿ ಊರಿಗೆ ಹೊರಟವರು 440 ಮಂದಿ. ಇವರಿಗೂ, ಮೊದಲೇ ಹಿಂದಿರುಗಿದ್ದ ಸಾವಿರಾರು ಜನರಿಗೂ ಮುಂದೆ ಏನಾಯಿತೆಂಬುದನ್ನು ಸರೋವರದ ಸಿನಿಮಾ ನೋಡಿದ ಹನ್ನೆರಡು ಕೋಟಿ ಜನರಿಗೆ ಯಾರಾದರೂ ಹೇಳಬೇಕಾಗಿತ್ತು. ಸಾಯದೆ ಸೆರೆ ಸಿಕ್ಕವನು ಎಂಬ ಅನುಮಾನ ಅವರನ್ನು ಬಿಡಲಿಲ್ಲ. ಬಹಳ ಮಂದಿ ಪಕ್ಷದಿಂದ ಹೊರಬಿದ್ದರು, ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಮತ್ತೆ ಹಿಂಸೆಪಟ್ಟರು. ಇವರಿಗೆ ಆದದ್ದು ಅನ್ಯಾಯವೆಂದು ಪಕ್ಷ ಒಪ್ಪಿಕೊಳ್ಳಲು 1980 ಬರಬೇಕಾಯಿತು. ಇನ್ನು ಎರಡು ಬಾಗಿಲುಗಳೂ ಬೇಡವೆಂದ 88 ಮಂದಿ ಇದ್ದರು, ಹೆಚ್ಚಿನವರು ಕೊರಿಯನ್ನರು. ಅವರನ್ನು ನಮ್ಮ ಸೈನ್ಯ ತನ್ನ ಜೊತೆಗೇ ಹಡಗಿನಲ್ಲಿ ಭಾರತಕ್ಕೆ ಕರೆತಂದಿತು.

ಹಿರಿಯರ ತಂದೆ ಆ ದಳದಲ್ಲಿ ಲಾರಿ ಓಡಿಸುತ್ತಿದ್ದವರಂತೆ. ಮನೆಯಲ್ಲಿ ಕೊರಿಯಾದ ಸುದ್ದಿ ತೆಗೆಯುತ್ತಿದ್ದುದೇ ಕಡಿಮೆ. "ಏನ್ ಸ್ವಾಮಿ, ಎರಡೇ ಮಾತು ಹೇಳೋರು. ರಾತ್ರಿಯೆಲ್ಲ ಗಂಟೆಗೊಂದ್ಸಲ ಎದ್ದು ಇಂಜಿನ್ ಚಾಲೂ ಮಾಡ್ಬೇಕು, ಇಲ್ದಿದ್ರೆ ಬೆಳಿಗ್ಗೆ ಲಾರಿ ಕಲ್ಲು. ಇನ್ನೊಂದು, ಬೇಲಿ ಒಳಗಿಂದ ಆ ಜನ ರಾತ್ರಿ ಹಾಡೋರಂತೆ. ಹಗಲು ನಮ್ಮ ಮೇಲೆ ಕಲ್ಲು ಎಸೆಯೋರೇ ರಾತ್ರಿ ಹಾಡೋರಂತೆ. ಅದು ಮಾತ್ರ ಅಪ್ಪನಿಗೆ ಕೊನೆವರೆಗೂ ಮರೀಲಿಲ್ಲ" ಎಂದರು.

ಕೊಡಗಿಗೂ ಕಾಶಿಗೂ ಸೆರೆಯ ನಂಟು ಇನ್ನೂ ಹಳೆಯದು ಎಂದು ಆಗ ನಾನೆಂದೆ. 1834ರಲ್ಲಿ ಇಂಗ್ಲಿಷರು ಚಿಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿ, ವೇಲೂರಿನ ಮೂಲಕ ತಂದಿಟ್ಟದ್ದು ಈ ಊರಿನಲ್ಲೇ. ಲಿಂಗವಂತ ರಾಜ ಲಿಂಗವಂತರ ಪೀಠವಿರುವ ಊರಿನಲ್ಲಿ ರಾಜಕೈದಿಯಾಗಿ ಹತ್ತಿರ ಹತ್ತಿರ ಎರಡು ದಶಕ ಕಳೆದ. ಮಗಳು ಗೌರಮ್ಮ ಹುಟ್ಟಿದ್ದೂ ಇಲ್ಲೇ. 1852ರಲ್ಲಿ ಅವಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ, ತಿರುಗಿ ಬರಲಿಲ್ಲ. ಮಾಸ್ತಿಯವರ ಕಾದಂಬರಿಯನ್ನು ಓದಿದ ಕನ್ನಡಿಗರಿಗೆ ರಾಜ ಗೊತ್ತು. ಹಿರಿಯರು ಹೌದೆಂದು ತಲೆಯಾಡಿಸಿದರು. ಅವರ ಊರಿನಲ್ಲಿ ಆ ರಾಜನ ಕಥೆಯನ್ನು ಈಗಲೂ ಎರಡು ರೀತಿ ಹೇಳುತ್ತಾರಂತೆ.

ತಿಮ್ಮಯ್ಯನವರು ಕೊರಿಯಾದಿಂದ ಮರಳಿದ ವರ್ಷವೇ ಪದ್ಮಭೂಷಣ ಬಂತು. 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. ಯಾವ ಕೃಷ್ಣ ಮೆನನ್ನರ ಗೊತ್ತುವಳಿ ಅವರನ್ನು ಪಾನ್‌ಮುನ್‌ಜೋಮಿಗೆ ಕಳಿಸಿತ್ತೋ, ಅದೇ ಮೆನನ್ ರಕ್ಷಣಾಮಂತ್ರಿಯಾಗಿದ್ದಾಗ 1959ರಲ್ಲಿ ರಾಜೀನಾಮೆ ಬರೆದುಕೊಟ್ಟು, ನೆಹರೂ ಹೇಳಿದರೆಂದು ಹಿಂತೆಗೆದುಕೊಂಡರು. 1961ರಲ್ಲಿ ನಿವೃತ್ತರಾದರು. ಮರುವರ್ಷ ಚೀನಾ ನಮ್ಮ ಗಡಿಯ ಮೇಲೆ ಬಂದಾಗ, ಚೀನೀ ಸೈನಿಕನನ್ನು ಅಷ್ಟು ಹತ್ತಿರದಿಂದ ತಿಂಗಳುಗಟ್ಟಲೆ ನೋಡಿದ್ದ ಸೇನಾನಿ ಮನೆಯಲ್ಲಿದ್ದರು. ಆ ಯುದ್ಧದಲ್ಲಿ ನಮ್ಮವರು ನಾಲ್ಕು ಸಾವಿರದ ಹತ್ತಿರ ಮಂದಿ ಚೀನಾಕ್ಕೆ ಸೆರೆಯಾದರು. 1963ರಲ್ಲಿ ಬಿಡುಗಡೆಯಾಗಿ ಬಂದ ಅವರನ್ನು ನಾವೂ ಮೊದಲು ಅನುಮಾನದ ಕಣ್ಣಿನಿಂದಲೇ ನೋಡಿ ವಿಚಾರಣೆ ಮಾಡಿದೆವು. ತಿಮ್ಮಯ್ಯನವರು 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿ ಸೈಪ್ರಸ್ಸಿಗೆ ಹೋಗಿ, 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಆ ಪುಟ್ಟ ದೇಶ ಮರುವರ್ಷ ಅವರ ಅಂಚೆಚೀಟಿ ಹೊರಡಿಸಿತು. ಕೊರಿಯಾದ ಅನುಭವವನ್ನು ಅವರು ಬರೆದಿಟ್ಟ ಪುಸ್ತಕ ಬೆಳಕು ಕಂಡದ್ದು 1981ರಲ್ಲಿ, ಅವರು ಹೋಗಿ ಹದಿನಾರು ವರ್ಷಕ್ಕೆ. ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' ಮ್ಯೂಸಿಯಮ್ ಆಗಿ ರಾಷ್ಟ್ರಪತಿಗಳಿಂದ ಉದ್ಘಾಟನೆಯಾದದ್ದು 2021ರ ಫೆಬ್ರವರಿಯಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸರೋವರದ ಸಿನಿಮಾ ಬಂತು.

ನಮ್ಮಲ್ಲೂ ಯುದ್ಧದ ಸಿನಿಮಾಗಳಿಗೆ ಬರವಿಲ್ಲ. 1962ರ ಸೋಲಿನ ಮೇಲೆ ಚೇತನ್ ಆನಂದ್ 1964ರಲ್ಲೇ 'ಹಕೀಕತ್' ತೆಗೆದರು. ಸೋತ ಯುದ್ಧದ ಚಿತ್ರವನ್ನೂ ಜನ ಅತ್ತುಕೊಂಡು ನೋಡಿದರೆಂಬುದನ್ನು ಮರೆಯಬಾರದು. ಕನ್ನಡದಲ್ಲಿ ರಾಜೇಂದ್ರಸಿಂಗ್ ಬಾಬು ಅವರು 1990ರಲ್ಲಿ 'ಮುತ್ತಿನ ಹಾರ' ತೆಗೆದು, ವಿಷ್ಣುವರ್ಧನ್, ಸುಹಾಸಿನಿ ಜೋಡಿಯಲ್ಲಿ ಒಬ್ಬ ಕೊಡವ ಯೋಧನ ಸಂಸಾರವನ್ನು ತೋರಿಸಿದರು. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಪರಊರಿನಲ್ಲಿರುವ ನಾವು ಇವತ್ತಿಗೂ ಸಂಘದ ಹಬ್ಬಗಳಲ್ಲಿ ಅದರ ಹಾಡು ಹಾಕಿಸುತ್ತೇವೆ. ಜೋಜಿಲಾದ ಟ್ಯಾಂಕುಗಳನ್ನಾದರೂ ಇಂದಲ್ಲ ನಾಳೆ ಯಾರಾದರೂ ತೆರೆಗೆ ತಂದಾರು, ಅಲ್ಲಿ ಗೆಲುವಿದೆ. ಎರಡು ಬಾಗಿಲ ಡೇರೆಯನ್ನು ತರಲು ಹಣ ಹೂಡುವವರು ಬೆಂಗಳೂರಿನಲ್ಲೂ ಇಲ್ಲ, ಪೀಕಿಂಗಿನಲ್ಲೂ ಇಲ್ಲ.

ಮರುದಿನ ಬೆಳಿಗ್ಗೆ ಲಿಂಗಸ್ಥಾಪನೆಗೆ ನಾನೂ ಹೋಗಿದ್ದೆ. ಮಂಜು ಇನ್ನೂ ಇಳಿದಿರಲಿಲ್ಲ. ಕಾಲಡಿಯ ಕಲ್ಲು ಮಂಜುಗಡ್ಡೆಯಂತಿತ್ತು. ಹಿರಿಯರು ಮಡಿಯುಟ್ಟು ನಡುಗುತ್ತಲೇ ಎಲ್ಲ ವಿಧಿಗಳನ್ನೂ ಮಾಡಿದರು. ತಂದೆಯ ಹೆಸರು, ಊರಿನ ಹೆಸರು ಬರೆಸುವಾಗ, 'ಕೊರಿಯಾ, 1953–54' ಎಂದೂ ಒಂದು ಸಾಲು ಸೇರಿಸಬಹುದಲ್ಲ ಎಂದು ಮೆಲ್ಲಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಬೇಡ ಸ್ವಾಮಿ. ಅಲ್ಲೇನು ಗೆದ್ದು ಬಂದಿದ್ದಾರಾ?" ಎಂದರು. ಸಂಜೆ ಸಂಘಮಿತ್ರಾ ಗಾಡಿ ಹಿಡಿಯಲು ಮೊಗಲ್‌ಸರಾಯಿಗೆ ಹೊರಟರು. ನಿಲ್ದಾಣದ ಹೆಸರು ಬದಲಾಗಿದ್ದರೂ ನಮ್ಮ ಬಾಯಿಗೆ ಬರುವುದು ಹಳೆಯದೇ. ರಿಕ್ಷಾ ಹತ್ತುವ ಮೊದಲು ನಮ್ಮ ಹುಡುಗನ ತಲೆ ಸವರಿ, "ಆ ಸಿನಿಮಾ ಪೂರ್ತಿ ನೋಡಿದ್ಯಾ ಮರಿ? ಕೊನೆಗೆ ಅವರು ಊರಿಗೆ ಹೋದ್ರಾ?" ಎಂದು ಕೇಳಿದರು. ಅದಕ್ಕೆ ಎರಡನೆಯ ಭಾಗ ಬೇರೆ ಇದೆ ತಾತ, ಇನ್ನೂ ನೋಡಿಲ್ಲ ಎಂದ ಇವನು.